ಟೋಕಿಯೊ ಆಫೀಸಿನ ನೊಮಿಕಾಯ್ (ಕುಡಿತದ ಕೂಟ): ಕುಡಿಯಲ್ಲ, ಮೀನೂ ತಿನ್ನಲ್ಲ. ಹೇಗೆ ನಿಭಾಯಿಸೋದು?

ನಿಶಿ-ಕಸಾಯಿ ಹೊಸಬ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಈ ಏಪ್ರಿಲ್‌ನಲ್ಲಿ ಟೋಕಿಯೊದ ಒಂದು ಜಪಾನಿ ಕಂಪನಿಗೆ ಸೇರಿದ್ದೇನೆ. ತಂಡದಲ್ಲಿ ಹದಿನಾಲ್ಕು ಜನ, ಭಾರತದವನು ನಾನೊಬ್ಬನೇ. ಮುಂದಿನ ಶುಕ್ರವಾರ ಸಂಜೆ 7ಕ್ಕೆ ಶಿಂಬಾಶಿಯ ಒಂದು ಇಝಾಕಾಯಾದಲ್ಲಿ (ಕುಡಿತದ ಜೊತೆ ತಿನಿಸು ಕೊಡೋ ಜಪಾನಿ ಅಂಗಡಿ) ಹೊಸಬರ ಸ್ವಾಗತ ಕೂಟ, ಅಂದರೆ ಕಾಂಗೇಯ್‌ಕಾಯ್ ಇದೆ. ತಪ್ಪಿಸಿಕೊಳ್ಳೋ ಮನಸ್ಸಿಲ್ಲ. ಜನ ಒಳ್ಳೆಯವರು, ಆಫೀಸಿನ ಹೊರಗೆ ಅವರ ಜೊತೆ ನಾಲ್ಕು ಮಾತು ಆಡಬೇಕು ಅಂತ ನನಗೂ ಇದೆ.

ಆದರೆ ನಾನು ಮದ್ಯ ಮುಟ್ಟಲ್ಲ. ಊಟದಲ್ಲಿ ಹಾಲು, ಮೊಟ್ಟೆ ಆಗುತ್ತೆ; ಮಾಂಸ, ಮೀನು ಆಗಲ್ಲ. ಜಪಾನಿ ಭಾಷೆ ಎನ್4 ಮಟ್ಟದ್ದು, ನಿಧಾನಕ್ಕೆ ಮಾತಾಡಿದರೆ ಅರ್ಥವಾಗುತ್ತೆ. ಕುಡಿಯಲ್ಲ ಅನ್ನೋದನ್ನ ಯಾರಿಗೆ, ಯಾವಾಗ ಹೇಳಬೇಕು? ಚಿಯರ್ಸ್‌ಗೆ ಲೋಟದಲ್ಲಿ ಏನಿರಬೇಕು? ಒಬ್ಬರಿಗೊಬ್ಬರು ಬಗ್ಗಿಸಿ ಕೊಡ್ತಾರಂತೆ, ಅದರ ಕ್ರಮ ಏನು? ಇಝಾಕಾಯಾದಲ್ಲಿ ನನ್ನಂಥವನು ತಿನ್ನೋಕೆ ಏನು ಸಿಗುತ್ತೆ? ಒಟ್ಟು ಎಷ್ಟು ಖರ್ಚಾಗುತ್ತೆ, ಎಷ್ಟು ಹೊತ್ತಿಗೆ ಹೊರಟರೆ ಯಾರಿಗೂ ಬೇಜಾರಾಗಲ್ಲ? ಗೊತ್ತಿರೋರು ದಯವಿಟ್ಟು ವಿವರವಾಗಿ ಹೇಳಿ.

ಹಳೇ ಕಂಜಿ

ನೀವು ಮಾತಾಡಬೇಕಾದ್ದು ಬಾಸ್ ಹತ್ತಿರ ಅಲ್ಲ, ಕಂಜಿ ಹತ್ತಿರ. ಇದು ಲಿಪಿಯ ಕಂಜಿ ಅಲ್ಲ. ಕೂಟದ ಉಸ್ತುವಾರಿ ಹೊತ್ತವರನ್ನ ಹಾಗೆ ಕರೀತಾರೆ. ಅಂಗಡಿ ಬುಕ್ ಮಾಡೋದು, ದುಡ್ಡು ಸಂಗ್ರಹಿಸೋದು, ಯಾರು ಎಲ್ಲಿ ಕೂತರು ಅಂತ ನೋಡೋದು, ಕೊನೆಗೆ ಎಲ್ಲರನ್ನೂ ಎಬ್ಬಿಸಿ ಹೊರಡಿಸೋದು ಎಲ್ಲ ಅವರ ಪಾಲಿಗೆ. ಸಾಮಾನ್ಯವಾಗಿ ತಂಡದಲ್ಲಿ ವಯಸ್ಸಲ್ಲಿ ಚಿಕ್ಕವರು ಈ ಕೆಲಸ ಮಾಡ್ತಾರೆ. ಕೂಟಕ್ಕೆ ಆಹ್ವಾನ ಕಳಿಸಿದವರೇ ಬಹುಪಾಲು ಕಂಜಿ ಆಗಿರ್ತಾರೆ.

ಅವರಿಗೆ ಈಗಲೇ, ಅಂದರೆ ಸೋಮವಾರದೊಳಗೆ ಹೇಳಿಬಿಡಿ. ಇಂಥ ಕೂಟಗಳಿಗೆ ಅಂಗಡಿಯಲ್ಲಿ 'ಕೋರ್ಸ್' ಅಂತ ಮೊದಲೇ ಗೊತ್ತು ಮಾಡಿರ್ತಾರೆ: ತಲೆಗಿಷ್ಟು ಅಂತ ಬೆಲೆ, ಏಳೆಂಟು ತಿನಿಸು, ಜೊತೆಗೆ ನೊಮಿಹೊದಾಯ್, ಅಂದರೆ ನಿಗದಿತ ಹೊತ್ತಿನ ತನಕ ಎಷ್ಟು ಬೇಕಾದರೂ ಕುಡಿಯೋ ವ್ಯವಸ್ಥೆ. ಕೋರ್ಸ್ ಅಡುಗೆಯ ಸಾಮಾನು ಹಿಂದಿನ ದಿನವೇ ಅಂಗಡಿಗೆ ಬಂದಿರುತ್ತೆ. ಶುಕ್ರವಾರ ಸಂಜೆ ಮೇಜಿನ ಮುಂದೆ ಕೂತು 'ಮೀನು ಆಗಲ್ಲ' ಅಂದರೆ ಅಡುಗೆಯವರು ಏನೂ ಮಾಡೋಕೆ ಆಗಲ್ಲ, ಕಂಜಿ ಮುಖ ಸಣ್ಣದಾಗುತ್ತೆ, ಉಳಿದ ಹದಿಮೂರು ಜನರ ಗಮನ ನಿಮ್ಮ ತಟ್ಟೆ ಮೇಲೆ ಬೀಳುತ್ತೆ. ಅದೇ ಮಾತನ್ನ ನಾಲ್ಕು ದಿನ ಮೊದಲು ಹೇಳಿದರೆ ಅದು ಬರೀ ಒಂದು ಫೋನ್ ಕರೆಯ ಕೆಲಸ.

ಕುಡಿಯದೆ ಇರೋದು ನೀವು ಅಂದುಕೊಂಡಷ್ಟು ದೊಡ್ಡ ಸಂಗತಿ ಅಲ್ಲ. ಜಪಾನಿನವರಲ್ಲಿ ಸುಮಾರು 40% ಜನಕ್ಕೆ ಮದ್ಯದಿಂದ ಹುಟ್ಟೋ ಅಸಿಟಾಲ್ಡಿಹೈಡ್ ಅನ್ನೋ ವಿಷವನ್ನ ಒಡೆಯೋ ಕಿಣ್ವ ದುರ್ಬಲ, ಇಲ್ಲವೇ ಕೆಲಸವನ್ನೇ ಮಾಡಲ್ಲ. ಒಂದು ಲೋಟಕ್ಕೇ ಮುಖ ಕೆಂಪಗಾಗಿ ಎದೆ ಹೊಡ್ಕೊಳ್ಳುತ್ತೆ. ಕುಡಿಯಲಾಗದವರಿಗೆ 'ಗೆಕೊ' ಅಂತ ಹಳೇ ಹೆಸರೇ ಇದೆ. ನಿಮ್ಮ ತಂಡದಲ್ಲೂ ಒಬ್ಬರಿಬ್ಬರು ಗೆಕೊ ಇದ್ದೇ ಇರ್ತಾರೆ. 'ಒಸಕೆ ವ ನೊಮೆಮಸೆನ್' (ಮದ್ಯ ಕುಡಿಯೋಕೆ ಆಗಲ್ಲ) ಅಂದರೆ ಸಾಕು. 'ನೊಮಿಮಸೆನ್' ಅನ್ನಬೇಡಿ, ಅದು 'ನಾನು ಕುಡಿಯಲ್ಲ' ಅಂತ ಖಡಾಖಂಡಿತವಾಗಿ ಕೇಳಿಸುತ್ತೆ. ಒಂದೇ ಅಕ್ಷರದ ವ್ಯತ್ಯಾಸ, ಆದರೆ ಮೊದಲನೆಯದಕ್ಕೆ ಯಾರೂ ಎದುರಾಡಲ್ಲ. ಔಷಧಿ ತಗೊಳ್ತಿದ್ದೀನಿ ಅಂತ ಸುಳ್ಳು ಹೇಳೋ ಸಲಹೆ ಕೆಲವರು ಕೊಡ್ತಾರೆ. ನಾನು ಖಂಡಿತ ಬೇಡ ಅಂತೀನಿ. ಡಿಸೆಂಬರ್‌ನಲ್ಲಿ ವರ್ಷಾಂತ್ಯದ ಬೋನೆಂಕಾಯ್ ಬರುತ್ತೆ, ಜನವರಿಯಲ್ಲಿ ಶಿನ್ನೆಂಕಾಯ್, ಮಾರ್ಚ್‌ನಲ್ಲಿ ಬೀಳ್ಕೊಡುಗೆ. ಪ್ರತಿ ಸಲ ಹೊಸ ಕಾಯಿಲೆ ಹುಡುಕೋಕೆ ಆಗಲ್ಲ.

ಚಿಯರ್ಸ್, ಅಂದರೆ 'ಕಂಪಾಯ್' ಬಗ್ಗೆ. ಎಲ್ಲರ ಕೈಗೂ ಲೋಟ ಬರೋ ತನಕ ಯಾರೂ ತುಟಿ ತಾಗಿಸಲ್ಲ. ಹಿರಿಯರೊಬ್ಬರು ಎದ್ದು ಎರಡು ಮಾತಾಡಿ 'ಕಂಪಾಯ್' ಅಂದ ಮೇಲೇ ಮೊದಲ ಗುಟುಕು. 'ತೊರಿಆಎಝು ನಾಮಾ', ಅಂದರೆ ಸದ್ಯಕ್ಕೆ ಎಲ್ಲರಿಗೂ ಡ್ರಾಫ್ಟ್ ಬಿಯರ್ ಅಂತ ಕೂಗೋದು ಇದೇ ಕಾರಣಕ್ಕೆ: ಒಂದೇ ಥರದ್ದು ಹೇಳಿದರೆ ಬೇಗ ಬರುತ್ತೆ. ನೀವೂ ತಡ ಆಗದ್ದನ್ನೇ ಹೇಳಿ. ಊರೊಂಚಾ (ಊಲಾಂಗ್ ಟೀ) ಎಲ್ಲ ಅಂಗಡಿಯಲ್ಲೂ ಇರುತ್ತೆ, ಒಂದೇ ನಿಮಿಷಕ್ಕೆ ಬರುತ್ತೆ, ನೊಮಿಹೊದಾಯ್‌ನಲ್ಲೂ ಸೇರಿರುತ್ತೆ. ನಾನ್-ಆಲ್ಕೊಹಾಲ್ ಬಿಯರ್ ಕೇಳ್ತೀರಾದರೆ ಒಂದು ಎಚ್ಚರ. ಮೆನುವಿನಲ್ಲಿ 0.00% ಅಂತ ಇರೋದನ್ನೇ ಆರಿಸಿ, 0.5% ಇರೋ 'ಕಡಿಮೆ ಮದ್ಯ'ದ ಬಿಯರ್‌ಗಳೂ ಅದರ ಪಕ್ಕದಲ್ಲೇ ಇರುತ್ತವೆ. ಇನ್ನೊಂದು: 'ಊರೊನ್‌ಹಾಯ್' ಅಂದರೆ ಊಲಾಂಗ್ ಟೀಗೆ ಶೋಚು (ಜಪಾನಿನ ಭಟ್ಟಿ ಮದ್ಯ) ಬೆರೆಸಿದ್ದು. ನೋಡೋಕೆ ಎರಡೂ ಒಂದೇ ಕಂದು ಬಣ್ಣ. ಗಲಾಟೆಯಲ್ಲಿ ಅದಲುಬದಲು ಆಗೋದು ಇದೇ ಜೋಡಿ. ಲೋಟ ತಂದವರನ್ನ 'ಊರೊಂಚಾ ದೆಸು ಕ?' ಅಂತ ಪ್ರತಿ ಸಲ ಕೇಳಿ, ಮೂಗಿನ ಹತ್ತಿರ ಹಿಡಿದು ನೋಡಿ, ಆಮೇಲೆ ಕುಡಿಯಿರಿ.

ಇದು ನಿಮ್ಮದೇ ಸ್ವಾಗತ ಕೂಟ ಆದ್ದರಿಂದ ಮಧ್ಯದಲ್ಲಿ ಎಲ್ಲೋ 'ಹಿತೊಕೊತೊ ಒನೆಗಾಯ್ ಶಿಮಸು' ಅಂತಾರೆ. ಎದ್ದು ನಿಂತು ಮೂವತ್ತು ಸೆಕೆಂಡು ಮಾತಾಡಬೇಕು. ಹೆಸರು, ಊರು, ಕೂಟ ಏರ್ಪಡಿಸಿದ್ದಕ್ಕೆ ಧನ್ಯವಾದ, ಕೊನೆಗೆ 'ಯೊರೊಶಿಕು ಒನೆಗಾಯ್ ಶಿಮಸು'. ಇಷ್ಟನ್ನ ಮನೆಯಲ್ಲೇ ಬಾಯಿಪಾಠ ಮಾಡಿ.

ಧಾರವಾಡದವ

ಬಗ್ಗಿಸೂ ಕ್ರಮ ಕೇಳೀರಿ, ಅದನ್ನ ಬಿಡಿಸಿ ಹೇಳ್ತೀನ್ರಿ. ದೊಡ್ಡ ಮಗ್ಗಿನಾಗ ಬರೂ ಡ್ರಾಫ್ಟ್ ಬಿಯರಿಗೆ ಈ ಪದ್ಧತಿ ಇಲ್ಲ. ಬಾಟ್ಲಿ ಬಿಯರಿಗೆ, ಬಿಸಿ ಸಾಕೆಗೆ (ಅಕ್ಕಿ ಮದ್ಯ) ಐತಿ. ಬಾಟ್ಲಿ ಮಧ್ಯಮದ್ದು 500 ಮಿ.ಲೀ., ದೊಡ್ಡದು 633 ಮಿ.ಲೀ. ಇರ್ತದ, ಗ್ಲಾಸ್ ಮಾತ್ರ ಅಂಗೈಯಾಗ ಹಿಡಿಯೂವಷ್ಟು ಸಣ್ಣವು. ಅದಕ್ಕ ಪದೇ ಪದೇ ಹಾಕೂದು ಬೀಳ್ತದ.

ಬಲಗೈಲೆ ಬಾಟ್ಲಿ ಹಿಡೀರಿ, ಲೇಬಲ್ ಮ್ಯಾಲಿನ ಕಡೆ ಕಾಣಂಗಿರಲಿ. ಎಡಗೈ ಬಾಟ್ಲಿ ಕೆಳಗ ಆಧಾರ ಕೊಡಲಿ. ಮೊದಲ ಸಾವಕಾಶ, ಆಮ್ಯಾಲೆ ಒಂಚೂರು ಜೋರು ಹಾಕಿ ನೊರಿ ಬರಸ್ರಿ, ಕಡೀಕ ಮತ್ತ ಸಾವಕಾಶ. ಏಳು ಪಾಲು ಬಿಯರ್, ಮೂರು ಪಾಲು ನೊರಿ ಬಂದ್ರ ಛಲೋ. ಅರ್ಧ ಗ್ಲಾಸಿನ ಮ್ಯಾಲೆ ಹೊಸಾದು ಹಾಕಬ್ಯಾಡ್ರಿ. ಹಳೇ ಬಿಯರ್ ಬೆಚ್ಚಗಾಗಿ ಗ್ಯಾಸ್ ಹೋಗಿರ್ತದ, ಬೆರೆಸಿದ್ರ ಎರಡೂ ರುಚಿ ಕೆಡ್ತಾವ. ಖಾಲಿ ಆಗೂಮಟ ಕಾಯ್ರಿ, ಇಲ್ಲಾ 'ಇಕಾಗಾ ದೆಸು ಕ' ಅಂತ ಕೇಳಿ ಹಾಕ್ರಿ. ನೀವು ಕುಡೀಲಿಕ್ಕಂದ್ರೂ ಮಂದಿಗೆ ಹಾಕಿ ಕೊಡಬಹುದು. ಅದ್ರಾಗ ಮುಜುಗರ ಪಡೂದು ಏನೂ ಇಲ್ಲ, ಮಾತು ಶುರು ಮಾಡಾಕ ಅದಕ್ಕಿಂತ ಸರಳ ದಾರಿ ಬ್ಯಾರೆ ಇಲ್ಲ. ಬಾಟ್ಲಿ ಹಿಡಕೊಂಡು ಬಾಜೂಕ ಹೋಗಿ ಕುಂತ್ರ ಯಾರೂ ಯಾಕ್ ಬಂದಿ ಅನ್ನಂಗಿಲ್ಲ.

ನಿಮಗ ಯಾರರ ಹಾಕಾಕ ಬಂದ್ರ, ಗ್ಲಾಸ್ ಎರಡೂ ಕೈಲೆ ಎತ್ತಿ ಹಿಡೀರಿ, ಚಾ ಬಾಟ್ಲಿ ಇದ್ರೂ ಹಂಗ. ಹಾಕಿದ ಮ್ಯಾಲೆ ಹಂಗ ಮೇಜಿಗೆ ಇಡಬ್ಯಾಡ್ರಿ, ಒಂದು ಗುಟುಕರ ಕುಡದು ಇಡ್ರಿ. ಮತ್ತ ಒಂದು ಗುಟ್ಟು ಹೇಳ್ತೀನಿ, ಇದು ಭಾಳ ಕೆಲಸಕ್ಕ ಬರ್ತದ: ನಮ್ಮ ಕಡೆ ಪಂಕ್ತಿಯಾಗ ಎಲಿ ಖಾಲಿ ಕಂಡ್ರ ಬಡಸವ್ರು ಕೇಳದ ಹಾಕಿ ಹೋಗ್ತಾರಲ್ಲ, ಇಲ್ಲೂ ಅದ ರೀತಿ. ಖಾಲಿ ಗ್ಲಾಸ್ ಅಂದ್ರ 'ಹಾಕ್ರಿ' ಅಂತ ಅರ್ಥ. ತುಂಬಿದ ಗ್ಲಾಸಿಗೆ ಯಾರೂ ಕೈ ಹಚ್ಚಂಗಿಲ್ಲ. ಊರೊಂಚಾ ಮುಕ್ಕಾಲು ತುಂಬಿರೂಹಂಗ ನೋಡಿಕೊಳ್ರಿ, ರಾತ್ರಿ ಪೂರಾ ಯಾರೂ ಒತ್ತಾಯ ಮಾಡೂದಿಲ್ಲ.

ಕಂಪಾಯ್ ಹೊತ್ತಿಗೆ ಹಿರಿಯರ ಗ್ಲಾಸಿಗಿಂತ ನಿಮ್ಮ ಗ್ಲಾಸಿನ ಅಂಚು ಒಂದು ಬೆರಳು ಕೆಳಗಿರಲಿ. ಸಾಕೆ ಇರೂ ಮಣ್ಣಿನ ಹೂಜಿಗೆ ತೊಕ್ಕುರಿ ಅಂತಾರ, ಸಣ್ಣದು 1 ಗೋ, ಅಂದ್ರ 180 ಮಿ.ಲೀ. ಅದು ಖಾಲಿ ಆತೇನ ಅಂತ ಅಲ್ಲಾಡಿಸಿ ನೋಡೂದು, ಬಾಯಿಗೆ ಕಣ್ಣು ಹಚ್ಚಿ ಇಣುಕೂದು ಮಾಡಬ್ಯಾಡ್ರಿ, ಅದು ಅವರಿಗೆ ಸರಿ ಕಾಣೂದಿಲ್ಲ.

ನೀರು ಬೇಕಂದ್ರ 'ಒಹಿಯಾ ಕುದಸಾಯ್'. ಮುಂದಿನ 'ಒ' ನುಂಗಿಬಿಟ್ರ 'ಹಿಯಾ' ಆಗ್ತದ, ಅದು ಕಾಸದ ಸಾಕೆ! ಮೆತ್ತಗ ಹೇಳಿದ್ರ ತಪ್ಪು ತಿಳಕೊಂತಾರ, ಅದಕ್ಕ 'ಒಮಿಝು' ಅಂದ್ರ ಇನ್ನೂ ಪಾಡು.

'ಇವತ್ತು ಬುರೇಯ್‌ಕೋ' ಅಂತ ಬಾಸ್ ಹೇಳಬಹುದು, ಮಾನ ಮರ್ಯಾದೆಯ ಕಟ್ಟುಪಾಡು ಬ್ಯಾಡ ಅಂತ ಅರ್ಥ. ಪೂರಾ ನಂಬಬ್ಯಾಡ್ರಿ. ನಗ್ರಿ, ಹರಟಿ ಹೊಡೀರಿ, ಆದ್ರ 'ದೆಸು', 'ಮಸು' ಅನ್ನೂ ಮರ್ಯಾದಿ ರೂಪ ಬಿಟ್ಟು ಮಾತಾಡೂದು, ಕೆಲಸದ ತಕರಾರು ಎಲ್ಲಾರ ಮುಂದ ತಗಿಯೂದು ಬ್ಯಾಡ. ಸೋಮವಾರ ಎಲ್ಲಾರಿಗೂ ಎಲ್ಲಾ ನೆನಪಿರ್ತದ.

ಒಗ್ಗರಣೆ

ಊಟದ ವಿಷಯ ನಾನು ಹೇಳ್ತೀನಿ, ಯಾಕಂದರೆ ನಮ್ಮವರು ಜಾಸ್ತಿ ಎಡವೋದು ಇಲ್ಲೇ. 'ಬೆಜಿತಾರಿಅನ್' ಅಂತ ಒಂದು ಪದ ಹೇಳಿ ಸುಮ್ಮನಾಗಬೇಡಿ. ಎಷ್ಟೋ ಅಂಗಡಿಗಳಲ್ಲಿ ಅದನ್ನ 'ಮಾಂಸದ ತುಂಡು ಕಾಣಬಾರದು' ಅಂತ ಅರ್ಥ ಮಾಡ್ಕೊಳ್ತಾರೆ. ಜಪಾನಿ ಅಡುಗೆಯ ಬುನಾದಿ ದಶಿ. ನಮ್ಮಲ್ಲಿ ಬೇಳೆಕಟ್ಟು ಇದ್ದ ಹಾಗೆ ಅದು. ಕೊಂಬು ಅನ್ನೋ ಕಡಲಪಾಚಿ ಮತ್ತೆ ಕತ್ಸುವೊಬುಶಿ, ಅಂದರೆ ಹೊಗೆ ಹಾಕಿ ಒಣಗಿಸಿದ ಕತ್ಸುವೊ ಮೀನು, ಇವೆರಡನ್ನ ಬಿಸಿನೀರಲ್ಲಿ ನೆನೆಸಿ ಸೋಸಿದ ತಿಳಿ. ತರಕಾರಿ ಪಲ್ಯ, ಮಿಸೊ ಸಾರು, ಮೊಟ್ಟೆ ಸುರುಳಿ, ನೂಡಲ್ಸ್ ಎಲ್ಲದರಲ್ಲೂ ಅದು ಕಣ್ಣಿಗೆ ಕಾಣದ ಹಾಗೆ ಇರುತ್ತೆ.

ಕೂತ ಕೂಡಲೇ ಕೇಳದೇ ಒಂದು ಪುಟ್ಟ ಬಟ್ಟಲು ಬರುತ್ತೆ. ಅದು ಒತೋಶಿ, ಸಾಮಾನ್ಯವಾಗಿ 300ರಿಂದ 500 ಯೆನ್. ಕೂತ ಜಾಗದ ಬಾಡಿಗೆ ಇದ್ದ ಹಾಗೆ, ವಾಪಸ್ ಕಳಿಸಿದರೂ ಬಿಲ್ಲಿಗೆ ಬರುತ್ತೆ. ಅದರಲ್ಲಿ ದಶಿ ಇರೋ ಸಂಭವ ಜಾಸ್ತಿ, ಪಕ್ಕದವರಿಗೆ ಕೊಟ್ಟುಬಿಡಿ.

ಕಣ್ಣು ಮುಚ್ಚಿ ತಿನ್ನಬಹುದಾದ್ದು ಎದಮಮೆ, ಉಪ್ಪು ನೀರಲ್ಲಿ ಬೇಯಿಸಿದ ಎಳೆ ಸೋಯಾ ಕಾಯಿ. ಅವರೆಕಾಯಿ ಬೇಯಿಸಿ ಸಿಪ್ಪೆ ಹಿಂಡಿ ತಿಂದವರಿಗೆ ಇದು ಹೊಸದೇನಲ್ಲ. ಹಿಯಾಯಕ್ಕೊ ಅಂದರೆ ತಣ್ಣನೆಯ ತೋಫು. ಅದರ ಮೇಲೆ ಬಡಗಿ ಹೆರೆದ ಮರದ ಸಿಪ್ಪೆಯಂಥ ತೆಳ್ಳನೆ ಗುಲಾಬಿ ಚೂರು ಉದುರಿಸಿರ್ತಾರೆ. ಅದೇ ಕತ್ಸುವೊಬುಶಿ, ಬಿಸಿ ತಿನಿಸಿನ ಮೇಲೆ ಹಾಕಿದರೆ ಹಬೆಗೆ ಅಲುಗಾಡ್ತಾ ಇರುತ್ತೆ. 'ಕತ್ಸುವೊಬುಶಿ ನುಕಿ ದೆ' ಅಂದರೆ ಹಾಕದೆ ಕೊಡ್ತಾರೆ. ಸೋಯಾ ಸಾಸ್ ಹಾಕ್ಕೊಂಡು ತಿನ್ನಿ, ಆದರೆ ಪೊಂಝು (ಹುಳಿ ಸಾಸ್) ಕೊಟ್ಟರೆ ಬೇಡ ಅನ್ನಿ, ಅದಕ್ಕೆ ಮೀನಿನ ದಶಿ ಬೆರೆಸಿರೋದು ಹೆಚ್ಚು.

ಯಾಕಿತೊರಿ (ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ) ಅಂಗಡಿ ಆದರೆ ಗಾಬರಿ ಬೇಡ. ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಶಿಶಿತೊ ಮೆಣಸಿನಕಾಯಿ, ಶಿಟಾಕೆ ಅಣಬೆ, ನೆಗಿ ಈರುಳ್ಳಿ, ಗಿನ್ನನ್ ಬೀಜ ಸಿಗುತ್ತೆ. ಆದರೆ ಕಡ್ಡಾಯವಾಗಿ 'ಶಿಓ ದೆ', ಉಪ್ಪಲ್ಲಿ ಸುಡಿ ಅಂತ ಹೇಳಿ. 'ತರೆ' ಅನ್ನೋ ಸಿಹಿ ಸಾಸ್ ಬೇಡ. ಅದು ಒಂದು ಜಾಡಿಯಲ್ಲಿರುತ್ತೆ, ಕೋಳಿ ಕಡ್ಡಿಗಳನ್ನ ಅದಕ್ಕೇ ಅದ್ದಿ ಅದ್ದಿ ತೆಗೀತಾರೆ, ಜಾಡಿ ಖಾಲಿ ಮಾಡದೆ ಮೇಲೆ ಮೇಲೆ ಹೊಸ ಸಾಸ್ ತುಂಬ್ತಾ ಹೋಗ್ತಾರೆ. ಕೋಳಿ ಸುಡೋ ಕಂಬಿಯ ಮೇಲೇ ತರಕಾರಿ ಸುಡೋದನ್ನ ಒಪ್ಪದವರು ಈ ಅಂಗಡಿಯಲ್ಲಿ ಎದಮಮೆಗೇ ನಿಲ್ಲಬೇಕಾಗುತ್ತೆ.

ಮೋಸ ಹೋಗೋದು ಎಲ್ಲಿ ಅಂದರೆ: ಸತ್ಸುಮಾ-ಅಗೆ ನೋಡೋಕೆ ನಮ್ಮ ಅಂಬೊಡೆ ಹಾಗೇ ಇರುತ್ತೆ, ಅದು ಅರೆದ ಮೀನು. ಅಗೆದಶಿ-ದೋಫು ಕರಿದ ತೋಫು ಹೌದು, ಆದರೆ ದಶಿಯಲ್ಲಿ ಮುಳುಗಿರುತ್ತೆ. ದಶಿಮಾಕಿ ಮೊಟ್ಟೆಯದ್ದು, ಹೆಸರಲ್ಲೇ ದಶಿ ಇದೆ. ಪೊಟೇಟೊ ಸಲಾಡ್‌ನಲ್ಲಿ ಸಣ್ಣ ಹ್ಯಾಮ್ ಚೂರು ಇರೋದು ಸಾಮಾನ್ಯ. ಕಿಮ್ಚಿಗೆ ಉಪ್ಪು ಸಿಗಡಿ ಬಿದ್ದಿರುತ್ತೆ. ಫ್ರೆಂಚ್ ಫ್ರೈ ಕೋಳಿ ಕರಿದ ಎಣ್ಣೆಯಲ್ಲೇ ಕರೀತಾರೆ. ಒಪ್ಪೋದು ಬಿಡೋದು ನಿಮ್ಮ ನಿಮ್ಮ ನಿಯಮ, ಆದರೆ ಗೊತ್ತಿದ್ದು ನಿರ್ಧರಿಸಬೇಕು.

ನಾಬೆ ಕೋರ್ಸ್ ಅಂತ ಗೊತ್ತಾದರೆ ಕಂಜಿಗೆ ತಕ್ಷಣ ಹೇಳಿ. ಮೇಜಿನ ಮಧ್ಯೆ ಒಂದೇ ಪಾತ್ರೆಯಲ್ಲಿ ಎಲ್ಲ ಕುದಿಯುತ್ತೆ, ಬರೀ ಎಲೆಕೋಸು ಎತ್ತಿಕೊಂಡರೂ ಅದು ಮಾಂಸದ ಸಾರಲ್ಲಿ ಬೆಂದದ್ದೇ. ಏನೇ ಇರಲಿ, 6 ಗಂಟೆಗೆ ಹೊಟ್ಟೆಗೆ ಏನಾದರೂ ಹಾಕ್ಕೊಂಡು ಹೋಗಿ. ಬ್ಯಾಗಲ್ಲಿ ಎರಡು ಚಪಾತಿ ಇದ್ದರೂ ಆಯ್ತು. ಕೊಂಬಿನಿಯ (ಹಗಲೂ ರಾತ್ರಿ ತೆರೆದಿರೋ ಪುಟ್ಟ ಅಂಗಡಿ) ಶಿಓ-ಮುಸುಬಿ (ಬರೀ ಉಪ್ಪಿನ ಅನ್ನದುಂಡೆ) ತಗೊಂಡರೆ ಹಿಂದಿನ ಪಟ್ಟಿಯಲ್ಲಿ かつお ಅನ್ನೋ ಮೂರು ಅಕ್ಷರ, ಇಲ್ಲವೇ 鰹 ಅನ್ನೋ ಗುರುತು ಇದೆಯಾ ನೋಡಿ. ಆ ಎರಡು ಗುರುತುಗಳ ಫೋಟೊ ಫೋನಲ್ಲಿ ಇಟ್ಕೊಳ್ಳಿ.

ಹಂಚಿ ತಿನ್ನೋ ತಟ್ಟೆಯಿಂದ ತೆಗೆಯೋಕೆ ಬೇರೆ ಕಡ್ಡಿ ಇಟ್ಟಿರ್ತಾರೆ, ಅದನ್ನೇ ಬಳಸಿ. ಎಂಜಲಿನ ಲೆಕ್ಕ ಗೊತ್ತಿರೋ ನಮಗೆ ಇದು ಸುಲಭ. ನಿಮ್ಮ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸು ದಾಟಿಸಬಾರದು, ಅನ್ನಕ್ಕೆ ಕಡ್ಡಿ ನೆಟ್ಟು ನಿಲ್ಲಿಸಬಾರದು. ಎರಡೂ ಸಾವಿನ ಮನೆಯ ಕ್ರಮಗಳು.

ನಿಶಿ-ಕಸಾಯಿ ಹೊಸಬ

ಕೈಮುಗಿದೆ, ಇಷ್ಟೆಲ್ಲ ಗೊತ್ತೇ ಇರಲಿಲ್ಲ. ಊರೊನ್‌ಹಾಯ್ ವಿಷಯ ಬರೆದಿಟ್ಟುಕೊಂಡೆ. ಇನ್ನು ಖರ್ಚು, ಮತ್ತೆ ಹೊರಡೋ ಹೊತ್ತು. ಕೊನೇ ರೈಲು ತಪ್ಪಿದರೆ ಏನು ಮಾಡ್ತಾರೆ?

ಶೂದೆನ್

ಖರ್ಚಿಂದ ಶುರು ಮಾಡೋಣ. ಕೋರ್ಸ್ ಕೂಟಕ್ಕೆ ತಲೆಗೆ 4,000ರಿಂದ 6,000 ಯೆನ್ ಇಟ್ಕೊಳ್ಳಿ. ಸ್ವಾಗತ ಯಾರದ್ದೋ ಅವರಿಂದ ಹೆಚ್ಚಾಗಿ ದುಡ್ಡು ತಗೊಳ್ಳಲ್ಲ, ಇಲ್ಲ ಕಡಿಮೆ ತಗೊಳ್ತಾರೆ, ಮೇಲಿನವರು ಜಾಸ್ತಿ ಹಾಕ್ತಾರೆ. ಆದರೂ ಜೇಬಲ್ಲಿ 1,000 ಯೆನ್ ನೋಟುಗಳಲ್ಲಿ ಆರು ಇರಲಿ. ಹದಿನಾಲ್ಕು ಜನರೂ 10,000ದ ನೋಟು ಚಾಚಿದರೆ ಕಂಜಿ ಚಿಲ್ಲರೆಗೆ ಎಲ್ಲಿ ಹೋಗಬೇಕು? ಪೇಪೇ ಅನ್ನೋ ಆ್ಯಪಲ್ಲಿ ದುಡ್ಡು ಕಳಿಸೋದೂ ಈಗ ರೂಢಿ. ಕುಡಿಯಲಿಲ್ಲ ಅಂತ ಕಡಿಮೆ ಕೊಡೋ ಮಾತು ನೀವಾಗೇ ಎತ್ತಬೇಡಿ. ಒಂದು ಮೇಜಿನವರೆಲ್ಲ ಒಂದೇ ಪ್ಲಾನ್ ತಗೋಬೇಕು ಅನ್ನೋದು ಎಷ್ಟೋ ಅಂಗಡಿಗಳ ನಿಯಮ. ಟಿಪ್ಸ್ ಇಲ್ಲ. ಅದೇ ದಿನ ಬರಲ್ಲ ಅಂದರೆ ಮಾತ್ರ ನಿಮ್ಮ ಪಾಲಿನ ಕೋರ್ಸ್ ದುಡ್ಡು ಅಂಗಡಿಯವರು ಬಿಡಲ್ಲ. ಅದನ್ನ ಕೊಡ್ತೀನಿ ಅಂತ ನೀವೇ ಮುಂದಾಗಿ ಹೇಳಬೇಕು.

ಹೊತ್ತಿನ ಲೆಕ್ಕ ಹೀಗೆ. ನೊಮಿಹೊದಾಯ್ ಸಾಮಾನ್ಯವಾಗಿ 2 ಗಂಟೆ, ಮುಗಿಯೋಕೆ 30 ನಿಮಿಷ ಇರೋವಾಗ ಕೊನೇ ಆರ್ಡರ್. 7ಕ್ಕೆ ಶುರುವಾದರೆ 8:30ಕ್ಕೆ ಕೊನೇ ಆರ್ಡರ್, 9ಕ್ಕೆ ಎಲ್ಲರೂ ಎದ್ದೇಳ್ತಾರೆ. ಹೊರಡೋ ಮೊದಲು ಒಬ್ಬರು 'ಒತೆ ವೊ ಹಾಯ್‌ಶಾಕು' ಅಂತಾರೆ, ಎಲ್ಲರೂ ಕೈ ಚಾಚಿ ಒಟ್ಟಿಗೆ ಚಪ್ಪಾಳೆ ತಟ್ಟಬೇಕು. ಪೂರ್ತಿ ಇಪ್ಪೊನ್-ಜಿಮೆ ಮೂರು-ಮೂರು-ಮೂರು-ಒಂದು. ಟೋಕಿಯೊ ಕಡೆ 'ಇಯೋ' ಅಂತ ಎಳೆದು ಒಂದೇ ಒಂದು ಚಪ್ಪಾಳೆ ತಟ್ಟೋದೂ ಇದೆ. ಯಾವುದು ಅಂತ ಮೊದಲೇ ಹೇಳ್ತಾರೆ. ಗೊಂದಲವಾದರೆ ಮೊದಲ ಏಟಿಗೆ ತಟ್ಟಿ ಕೈ ತಡೆದು ಪಕ್ಕದವರನ್ನ ನೋಡಿ.

ಆಮೇಲೆ ಅಂಗಡಿ ಮುಂದೆ ಎಲ್ಲರೂ ಸುಮ್ಮನೆ ಗುಂಪಾಗಿ ನಿಂತ್ಕೊಳ್ತಾರೆ. ಯಾರೂ ಹೊರಡಲ್ಲ, ಯಾರೂ ಏನೂ ನಿರ್ಧರಿಸಲ್ಲ. ನಿಜಿಕಾಯ್ (ಎರಡನೇ ಕೂಟ) ಎಲ್ಲಿ ಅಂತ ಮಾತಾಗೋದು ಆ ಐದು ನಿಮಿಷದಲ್ಲಿ. ಹೊರಡೋ ಘಳಿಗೆ ಅದೇ. ಬಾಸ್‌ಗೆ ಒಮ್ಮೆ, ಕಂಜಿಗೆ ಒಮ್ಮೆ 'ಗೊಚಿಸೋಸಮಾ ದೆಶಿತಾ, ಒಸಕಿ ನಿ ಶಿತ್ಸುರೇಯ್ ಶಿಮಸು' ಅಂತ ಬಗ್ಗಿ ಹೇಳಿ ನಡೀರಿ. ಮೊದಲ ಕೂಟಕ್ಕೆ ಪೂರ್ತಿ ಇದ್ದವರನ್ನ ಯಾರೂ ಹಿಡಿದು ನಿಲ್ಲಿಸಲ್ಲ. ನಡುವೆ 8 ಗಂಟೆಗೆ ಎದ್ದು ಹೋಗೋದಕ್ಕಿಂತ ಇದು ಎಷ್ಟೋ ವಾಸಿ. ಎರಡನೇ ಕೂಟಕ್ಕೆ ಒಮ್ಮೆ ಹೊಕ್ಕರೆ ಮಾತ್ರ ಮಧ್ಯೆ ಏಳೋದು ಕಷ್ಟ, ಇನ್ನೂ 2,000-3,000 ಯೆನ್ ಬೇರೆ. ಕರಾಒಕೆ ಆದರೆ ಹೋಗಿ, ಅಲ್ಲಿ ಕುಡಿಯದೇ ಇದ್ದರೂ ಮಜಾ ಕಮ್ಮಿ ಇಲ್ಲ.

ಶಿಂಬಾಶಿಯಿಂದ ಗಿಂಝಾ ಲೈನ್ ಹಿಡಿದು ನಿಹೊಂಬಾಶಿ, ಅಲ್ಲಿ ತೋಝಾಯ್ ಲೈನ್‌ಗೆ ಬದಲಿಸಿ ನಿಶಿ-ಕಸಾಯಿ. ಶಿಂಬಾಶಿಯಿಂದ ಕೊನೇ ರೈಲು ಎಷ್ಟಕ್ಕೆ ಅಂತ ನೋಡಿ ಸಮಾಧಾನ ಪಡಬೇಡಿ. ನಿಹೊಂಬಾಶಿಯಲ್ಲಿ ತೋಝಾಯ್ ಲೈನಿನ ಕೊನೇ ರೈಲು ಸಿಗಬೇಕು, ಲೆಕ್ಕ ಅದರದ್ದು. ಯಾಹೂ ನೊರಿಕಾಎ ಆ್ಯಪ್‌ನಲ್ಲಿ 終電 (ಶೂದೆನ್) ಅಂತ ಒಂದು ಆಯ್ಕೆ ಇದೆ, ಅದನ್ನ ಒತ್ತಿದರೆ ಮನೆ ತನಕದ ಕೊನೇ ಜೋಡಣೆ ತೋರಿಸುತ್ತೆ. ಗುರುವಾರವೇ ನೋಡಿ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಅದಕ್ಕಿಂತ 30 ನಿಮಿಷ ಮೊದಲು ಅಲಾರಂ. ಬಹಳ ಹಳೇ ಬ್ಲಾಗ್ ನೋಡಿ ಹೊತ್ತು ನಂಬಬೇಡಿ: 2021ರ ಮಾರ್ಚ್‌ನಲ್ಲಿ ಟೋಕಿಯೊ ಸುತ್ತಿನ ಜೆಆರ್ ಲೈನ್‌ಗಳ ಕೊನೇ ರೈಲನ್ನ ಸುಮಾರು ಅರ್ಧ ಗಂಟೆ ಮುಂಚೆಯೇ ಹೊರಡೋ ಹಾಗೆ ಬದಲಿಸಿದರು.

ತೋಝಾಯ್‌ನಲ್ಲಿ ಇನ್ನೊಂದು. 快速 ಅಂತ ಬೋರ್ಡ್ ಇರೋ ಕಾಯ್‌ಸೊಕು ರೈಲು ತೋಯೊಚೊ ಬಿಟ್ಟರೆ ನಿಲ್ಲೋದು ಉರಾಯಾಸುವಲ್ಲೇ, ನಿಶಿ-ಕಸಾಯಿ ದಾಟಿ ನದಿ ಆಚೆ ಚಿಬಾಕ್ಕೆ ಒಯ್ಯುತ್ತೆ. ನಿದ್ದೆಗಣ್ಣಲ್ಲಿ ಹತ್ತಿಬಿಟ್ಟರೆ ಮತ್ತೆ ವಾಪಸ್ ಬರೋ ರೈಲು ಹುಡುಕಬೇಕು.

ಕೊನೇದೂ ತಪ್ಪಿದರೆ ಟ್ಯಾಕ್ಸಿ. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ 20% ಹೆಚ್ಚು, ನಿಶಿ-ಕಸಾಯಿಗೆ ನಾಲ್ಕೈದು ಸಾವಿರ ಯೆನ್ ದಾಟಬಹುದು. ಕ್ಯಾಪ್ಸೂಲ್ ಹೋಟೆಲ್, ಮಂಗಾ ಕಿಸ್ಸಾದಲ್ಲಿ (ಕಾಮಿಕ್ಸ್ ಓದೋ ಕೆಫೆ) ಬೆಳಗ್ಗೆ 5ರ ತನಕ ಕಾಯೋದೂ ಉಂಟು. ರಸ್ತೆಯಲ್ಲಿ 'ಬನ್ನಿ, ಒಳ್ಳೇ ಬಾರ್ ಇದೆ' ಅಂತ ಕರೆಯೋರ ಹಿಂದೆ, ಅವರು ಹಿಂದಿಯಲ್ಲಿ ಕರೆದರೂ ಹೋಗಬೇಡಿ. ಕೂತ ಮೇಲೆ ಹತ್ತಾರು ಸಾವಿರ ಯೆನ್ ಬಿಲ್ ಇಡೋದು ಅಲ್ಲೇ. ಝಾಯ್‌ರ್ಯು ಕಾರ್ಡ್ (ವಿದೇಶಿಯರ ವಾಸದ ಗುರುತಿನ ಚೀಟಿ) ಯಾವಾಗಲೂ ಜೇಬಲ್ಲಿರಲಿ, ಇಲ್ಲದಿದ್ದರೆ 2 ಲಕ್ಷ ಯೆನ್ ತನಕ ದಂಡ.

ಇದನ್ನ ಓದೋ ಕುಡಿಯುವವರಿಗೂ ಒಂದು ಮಾತು. ಸ್ಟೇಷನ್ ಹತ್ತಿರ ಸೈಕಲ್ ನಿಲ್ಲಿಸಿ ಹೋಗಿರ್ತೀರಿ, ರಾತ್ರಿ ಅದನ್ನೇ ತುಳಿದು ಮನೆಗೆ ಬರಬೇಡಿ. 2024ರ ನವೆಂಬರ್ 1ರಿಂದ ಉಸಿರಲ್ಲಿ ಲೀಟರಿಗೆ 0.15 ಮಿ.ಗ್ರಾಂ ಮದ್ಯ ಇದ್ದು ಸೈಕಲ್ ಓಡಿಸಿದರೂ 3 ವರ್ಷದ ತನಕ ಜೈಲು ಅಥವಾ 5 ಲಕ್ಷ ಯೆನ್ ತನಕ ದಂಡ. ಕುಡಿದವರಿಗೆ ಸೈಕಲ್ ಕೊಟ್ಟವರಿಗೂ ಶಿಕ್ಷೆ ಇದೆ. ತಳ್ಳಿಕೊಂಡು ನಡೀರಿ. ಶಿಬುಯಾ ಕಡೆ ಕೂಟ ಇದ್ದರೆ ಕ್ಯಾನ್ ಹಿಡಿದು ರಸ್ತೆಯಲ್ಲಿ ನಿಲ್ಲಬೇಡಿ. 2024ರ ಅಕ್ಟೋಬರ್‌ನಿಂದ ಸ್ಟೇಷನ್ ಸುತ್ತ ಸಂಜೆ 6ರಿಂದ ಬೆಳಗ್ಗೆ 5ರವರೆಗೆ ರಸ್ತೆಯಲ್ಲಿ ಕುಡಿಯೋದು ವರ್ಷವಿಡೀ ನಿಷೇಧ.

ಮಲ್ಲಿಗೆ ಮೊಳ

ಧಾರವಾಡದವರ ವಿವರಣೆ ಚೆನ್ನಾಗಿದೆ ಅಣ್ಣ, ಆದರೆ ಹೊಸದಾಗಿ ಬರೋ ಹೆಣ್ಣುಮಕ್ಕಳಿಗಾಗಿ ಒಂದು ಸೇರಿಸ್ತೀನಿ. ಬಗ್ಗಿಸಿ ಕೊಡೋದು ಹೆಂಗಸರ ಕೆಲಸ ಅಲ್ಲ. ಹಾಗೆ ಮಾಡಿಸಿದರೆ ಅದನ್ನ ಕಿರುಕುಳ ಅಂತಲೇ ಈಗ ಕಂಪನಿಗಳ ತರಬೇತಿಯಲ್ಲಿ ಹೇಳಿಕೊಡ್ತಾರೆ. ಯಾರ ಪಕ್ಕವೋ ಕೂತು ಇರುಸುಮುರುಸು ಆದರೆ ಶೌಚಾಲಯಕ್ಕೆ ಎದ್ದು ಹೋಗಿ, ವಾಪಸ್ ಬರೋವಾಗ ಬೇರೆ ಕಡೆ ಕೂತುಬಿಡಿ. ಮೊದಲ ಒಂದು ಗಂಟೆ ಆದ ಮೇಲೆ ಎಲ್ಲರೂ ಲೋಟ ಹಿಡಿದು ಜಾಗ ಬದಲಿಸ್ತಾನೇ ಇರ್ತಾರೆ, ಯಾರಿಗೂ ವಿಚಿತ್ರ ಅನಿಸಲ್ಲ.

ಬಲವಂತವಾಗಿ ಕುಡಿಸೋದಕ್ಕೆ ಇಲ್ಲಿ 'ಅರುಹರಾ' ಅಂತ ಹೆಸರಿದೆ. ಅಧಿಕಾರ ಬಳಸಿ ಕೊಡೋ ಕಿರುಕುಳ ತಡೆಯೋದು ದೊಡ್ಡ ಕಂಪನಿಗಳಿಗೆ 2020ರ ಜೂನ್‌ನಿಂದ, ಸಣ್ಣವಕ್ಕೆ 2022ರ ಏಪ್ರಿಲ್‌ನಿಂದ ಕಾನೂನಿನ ಹೊಣೆ. ಆಫೀಸಲ್ಲಿ ಕೇಳೋರಿಲ್ಲ ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗಳಲ್ಲಿ ಸೊಗೊ ರೋದೊ ಸೋದಾನ್ (ಕೆಲಸದ ಸಮಸ್ಯೆಗಳ ಸಲಹೆ) ಕೌಂಟರ್ ಇದೆ, ದುಡ್ಡು ತಗೊಳ್ಳಲ್ಲ. ಯಾರಾದರೂ ಒಂದೇ ಗುಟುಕಿಗೆ ಕುಡಿದು ಎಬ್ಬಿಸಿದರೂ ಏಳದೇ ಇದ್ದರೆ ನಿದ್ದೆ ಅಂತ ಬಿಟ್ಟು ಹೋಗಬೇಡಿ. ಪಕ್ಕಕ್ಕೆ ಮಗ್ಗಲು ಮಾಡಿ ಮಲಗಿಸಿ, 119ಕ್ಕೆ ಕರೆ ಮಾಡಿ. ಬೆನ್ನ ಮೇಲೆ ಮಲಗಿಸಿದರೆ ವಾಂತಿ ಉಸಿರುಗೊಳವೆಗೆ ಹೋಗುತ್ತೆ.

ಮತ್ತೆ ಕೊಂಬಿನಿಯಲ್ಲಿ 'ಉಕೊನ್' ಅಂತ 100 ಮಿ.ಲೀ. ಡಬ್ಬಿ ಕುಡಿದು ಕೂಟಕ್ಕೆ ಹೋಗೋರು ಕಾಣ್ತಾರೆ. ಉಕೊನ್ ಅಂದರೆ ನಮ್ಮ ಅರಿಶಿನ. ಮಾತಿಗೆ ಒಳ್ಳೇ ವಿಷಯ, ನಮ್ಮಲ್ಲಿ ಎಲ್ಲೆಲ್ಲಿ ಹಾಕ್ತೀವಿ ಅಂತ ಹೇಳಿದರೆ ಕಿವಿಗೊಟ್ಟು ಕೇಳ್ತಾರೆ. ಆದರೆ ಅದು ಕುಡಿದದ್ದನ್ನ ಇಳಿಸುತ್ತೆ ಅಂತ ನಂಬಿ ಯಾರೂ ಹೆಚ್ಚು ಕುಡಿಯಬೇಡಿ.

ಶೂ ಬಿಚ್ಚೋ ಅಂಗಡಿ ಆಗಿದ್ದರೆ ಸಾಕ್ಸ್ ತೂತಿಲ್ಲದ್ದು ಹಾಕ್ಕೊಂಡು ಹೋಗಿ. ಶೂ ಗೂಡಿಗೆ ಅಂಗೈಯಗಲದ ಮರದ ಹಲಗೆಯೇ ಬೀಗದ ಕೈ. ಅದನ್ನ ಜೇಬಿಗೆ ಹಾಕ್ಕೊಳ್ಳಿ, ಮೇಜಿನ ಮೇಲೆ ಬಿಡಬೇಡಿ. ತಟ್ಟೆಗಳ ಜೊತೆ ಒಳಗೆ ಹೋಗಿಬಿಟ್ಟರೆ ಹೊರಡೋ ಹೊತ್ತಲ್ಲಿ ಹುಡುಕಾಟ.

ನಿಶಿ-ಕಸಾಯಿ ಹೊಸಬ

ಕಂಜಿಗೆ ಇವತ್ತೇ ಮೆಸೇಜ್ ಕಳಿಸ್ತೀನಿ. ಬರೆದದ್ದು ಇಷ್ಟು: 'ಬೆಜಿತಾರಿಅನ್ ದೆಸು. ಒಸಕೆ ವ ನೊಮಿಮಸೆನ್. ತೊಕುಬೆತ್ಸು ನ ಮೆನ್ಯೂ ವೊ ಒನೆಗಾಯ್ ಶಿಮಸು.' ಸರಿ ಇದೆಯಾ?

ಹಳೇ ಕಂಜಿ

ವ್ಯಾಕರಣ ತಪ್ಪಿಲ್ಲ, ಆದರೆ ಮೂರು ಕಡೆ ತಿದ್ದೋಣ. 'ತೊಕುಬೆತ್ಸು ನ ಮೆನ್ಯೂ' ಅಂದರೆ ವಿಶೇಷ ಅಡುಗೆ ಮಾಡಿಸಿ ಅಂತ ಆಗುತ್ತೆ, ಕಂಜಿಗೆ ಹೊರೆ. ಏನು ಆಗಲ್ಲ ಅನ್ನೋದನ್ನ ಒಂದೊಂದಾಗಿ ಹೇಳಿ, ಎಷ್ಟು ಸಿಕ್ಕರೆ ಸಾಕು ಅನ್ನೋದನ್ನೂ ನೀವೇ ಹೇಳಿ, ಬರೋಕೆ ಇಷ್ಟ ಇದೆ ಅನ್ನೋದನ್ನ ಕೊನೆಗೆ ಇಡಿ:

'ಒನಿಕು ತೊ ಒಸಕಾನಾ ಗ ತಬೆರರೆಮಸೆನ್. ಕತ್ಸುವೊ-ದಶಿ ಮೊ ದಮೆ ನನೊದೆ, ಎದಮಮೆ ಯ ಯಸಾಯ್ ನೊ ತಂಪಿನ್ ವೊ ಸುಕೊಶಿ ತನೊಮಸೆತೆ ಇತದಕೆರೆಬಾ ಜೂಬುನ್ ದೆಸು. ಒಸಕೆ ವ ನೊಮೆಮಸೆನ್ ಗ, ಸಂಕಾ ವೊ ತನೊಶಿಮಿ ನಿ ಶಿತೆ ಇಮಸು.'

ಅಂದರೆ: ಮಾಂಸ, ಮೀನು ತಿನ್ನೋಕೆ ಆಗಲ್ಲ. ಕತ್ಸುವೊ ದಶಿಯೂ ಆಗಲ್ಲ, ಎದಮಮೆ, ತರಕಾರಿಯ ಬಿಡಿ ತಿನಿಸು ಸ್ವಲ್ಪ ತರಿಸೋಕೆ ಬಿಟ್ಟರೆ ಸಾಕು. ಮದ್ಯ ಕುಡಿಯೋಕೆ ಆಗಲ್ಲ, ಆದರೆ ಬರೋಕೆ ಕಾಯ್ತಾ ಇದ್ದೀನಿ. ತಂಪಿನ್ ಅಂದರೆ ಕೋರ್ಸ್ ಬಿಟ್ಟು ಬಿಡಿಯಾಗಿ ತರಿಸೋ ತಿನಿಸು. ಆ ಪದ ಕಂಡರೆ ಕಂಜಿಗೆ ಅಂಗಡಿಯವರ ಹತ್ತಿರ ಏನು ಕೇಳಬೇಕು ಅಂತ ತಕ್ಷಣ ಗೊತ್ತಾಗುತ್ತೆ. ಕೂಟ ಮುಗಿದ ಮೇಲಿನ ಸೋಮವಾರ ಬೆಳಗ್ಗೆ ಆಫೀಸಿಗೆ ಹೋದ ಕೂಡಲೇ, ಲ್ಯಾಪ್‌ಟಾಪ್ ತೆಗೆಯೋ ಮೊದಲು, ಅವರ ಮೇಜಿನ ಹತ್ತಿರ ಹೋಗಿ 'ಕಿನ್ಯೋಬಿ ವ ಅರಿಗಾತೊ ಗೊಝಾಯ್‌ಮಶಿತಾ' (ಶುಕ್ರವಾರದ ಕೂಟಕ್ಕೆ ಧನ್ಯವಾದ) ಅಂತ ನಿಂತು ಹೇಳಿ. ಬಾಸ್‌ಗೂ ಅಷ್ಟೇ.